‘ಆದರೆ’ ಇಲ್ಲದ ಮಾತು

ನನಗೆ ಚರ್ಚಿನಲ್ಲಿ ದೃಢೀಕರಣ, ಅಂದರೆ ನಂಬಿಕೆಯನ್ನು ಎಲ್ಲರ ಮುಂದೆ ಸ್ವತಃ ಒಪ್ಪಿಕೊಳ್ಳುವ ವಿಧಿ, ಆದದ್ದು 1987ರಲ್ಲಿ, 15ನೇ ವಯಸ್ಸಿನಲ್ಲಿ. ಬಿಳಿ ಸೀರೆ ಉಟ್ಟಿದ್ದೆ. ಅಮ್ಮ ನಮ್ಮದೇ ಗಿಡದ ಮಲ್ಲಿಗೆ ಮುಡಿಸಿದ್ದರು. ಹತ್ತು ಆಜ್ಞೆ, ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆ ಎಲ್ಲ ಬಾಯಿಪಾಠ. ಬಿಷಪರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದಲ್ಲಿ ಮೊದಲ ಸಲ ಪಾಲು ತೆಗೆದುಕೊಂಡೆ. ಹೊರಗೆ ಬಂದಾಗ ನಮ್ಮ ಅಯ್ಯನವರು, ಅಂದರೆ ಸಭೆಯ ಪಾದ್ರಿ, "ಇವತ್ತಿನಿಂದ ನೀವು ಸಣ್ಣ ಮಕ್ಕಳಲ್ಲ, ನಂಬಿಕೆಯಲ್ಲಿ ದೊಡ್ಡವರು" ಅಂದರು. ಆ ಮಾತನ್ನು ನಾನು ಹಾಗೆಯೇ ನಂಬಿದೆ. ದೊಡ್ಡವಳಾದೆ ಅಂದುಕೊಂಡೆ.

ಈಗ ನನಗೆ 53. ಮೊನ್ನೆ ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯ ಹುಡುಗಿಯೊಬ್ಬಳು ಬಂದು, "ಆಂಟಿ, ನಂಬಿಕೆಯಲ್ಲಿ ಬೆಳೆಯೋದು ಅಂದ್ರೆ ಏನು?" ಅಂತ ಕೇಳಿದಳು. ದಿನಾ ಸತ್ಯವೇದ (ಬೈಬಲ್) ಓದು, ಪ್ರಾರ್ಥನೆ ಬಿಡಬೇಡ ಅಂದೆ. ಹೇಳಿದ್ದು ತಪ್ಪಲ್ಲ. ಆದರೆ ಮನೆಗೆ ಬಂದ ಮೇಲೆ ನನಗೆ ಸಮಾಧಾನವಾಗಲಿಲ್ಲ. ಆ ಎರಡನ್ನೂ ನಾನು ವರ್ಷಗಟ್ಟಲೆ ತಪ್ಪದೆ ಮಾಡಿದ್ದೆ. ಮಾಡುತ್ತಲೇ ಕೂಸಾಗಿ ಉಳಿದಿದ್ದೆ. ಅವಳಿಗೆ ಹೇಳಬೇಕಾಗಿದ್ದದ್ದು ಬೇರೆ ಏನೋ ಇತ್ತು. ಅದನ್ನು ಇಲ್ಲಿ ಬರೆಯುತ್ತೇನೆ, ಅವಳೂ ಓದಲಿ.

ನಮ್ಮದು ಉಡುಪಿ ಜಿಲ್ಲೆಯ ಶಂಕರಪುರದ ಹತ್ತಿರದ ಒಂದು ಹಳ್ಳಿ. ಮನೆಯಲ್ಲಿ ತುಳು, ಸಭೆಯಲ್ಲಿ ಕನ್ನಡ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರಿಂದ ಸುವಾರ್ತೆ ಕೇಳಿ ನಂಬಿದ ಕುಟುಂಬಗಳಲ್ಲಿ ನಮ್ಮದೂ ಒಂದು. ಆ ಕಾಲದಲ್ಲಿ ಹಾಗೆ ನಂಬಿದವರಿಗೆ ಮನೆ, ನೆಂಟರು, ಕಸುಬು ಎಲ್ಲ ಒಟ್ಟೊಟ್ಟಿಗೆ ತಪ್ಪಿಹೋಗುತ್ತಿತ್ತು. ಅವರ ಹೊಟ್ಟೆಪಾಡಿಗೆಂದೇ ಮಿಷನ್ ನೇಯ್ಗೆ ಶುರು ಮಾಡಿತು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ನಮ್ಮ ಅಜ್ಜನ ಅಪ್ಪ ಹೆಂಚಿನ ಕೆಲಸದಲ್ಲೇ ಬದುಕು ಸವೆಸಿದವರು. ನಂಬಿಕೆಗೆ ಬೆಲೆ ಕೊಟ್ಟವರು ಅವರು. ನನಗೆ ಅದು ಬಳುವಳಿಯಾಗಿ ಬಂತು.

ಅಮ್ಮನ ಬದುಕು ಮಲ್ಲಿಗೆ. ನಮ್ಮ ಕಡೆಯ ಮನೆಗಳ ಅಂಗಳದಲ್ಲಿ ಮಲ್ಲಿಗೆ ಇಲ್ಲದಿದ್ದರೆ ಆ ಮನೆಯಲ್ಲಿ ಹೆಂಗಸರಿಲ್ಲ ಅಂತಲೇ ಅರ್ಥ. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ಯಬೇಕು. ಬಾಳೆನಾರಿನಲ್ಲಿ ಕಟ್ಟಬೇಕು. 800 ಹೂವಿಗೆ ಒಂದು ಚೆಂಡು. ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನದಿನಕ್ಕೂ ಬೇರೆ. ಮದುವೆಯ ದಿನಗಳು, ಚೌತಿ, ನವರಾತ್ರಿ ಬಂದರೆ ಏರುತ್ತದೆ, ಇಲ್ಲದಿದ್ದರೆ ಇಳಿಯುತ್ತದೆ. ಅಮ್ಮನ ಗೋಡೆಯ ಕ್ಯಾಲೆಂಡರಿನಲ್ಲಿ ಈಸ್ಟರ್ ಜೊತೆಗೆ ಊರಿನ ರಥೋತ್ಸವದ ದಿನಕ್ಕೂ ಪೆನ್ಸಿಲ್ ಗುರುತು ಇರುತ್ತಿತ್ತು.

1991ರಲ್ಲಿ ನಾನು ಮಂಗಳೂರಿನಲ್ಲಿ ಡಿಗ್ರಿ ಓದುತ್ತಿದ್ದೆ. ಆ ವರ್ಷ ಒಂದು ಯುವಜನ ಶಿಬಿರಕ್ಕೆ ಹೋದೆ. ಕೊನೆಯ ರಾತ್ರಿ ಪ್ರಾರ್ಥನೆಯಲ್ಲಿ ನನ್ನ ಎದೆ ಒಡೆದುಹೋಯಿತು. ಯೇಸು ನನಗಾಗಿಯೇ ಸತ್ತರು ಅನ್ನುವುದು ಅಷ್ಟು ದಿನ ಬಾಯಿಪಾಠವಾಗಿತ್ತು. ಆ ರಾತ್ರಿ ಅದು ನನ್ನದಾಯಿತು. ಅದನ್ನು ಇವತ್ತಿಗೂ ಸುಳ್ಳು ಅನ್ನಲಾರೆ. ನನ್ನ ನಂಬಿಕೆಯ ಬೇರು ಅಲ್ಲೇ ಇದೆ. ಆದರೆ ಹುಟ್ಟುವುದು ಬೇರೆ, ಬೆಳೆಯುವುದು ಬೇರೆ. ನಾನು ಹುಟ್ಟಿದ ದಿನವೇ ಬೆಳೆದು ನಿಂತೆ ಅಂದುಕೊಂಡೆ.

ರಜೆಗೆ ಮನೆಗೆ ಹೋದೆ. ಅಮ್ಮ ಜಗಲಿಯಲ್ಲಿ ಕೂತು ಹೂ ಕಟ್ಟುತ್ತಿದ್ದರು. ಮರುದಿನ ಪೇಟೆಯ ದೇವಸ್ಥಾನದಲ್ಲಿ ಉತ್ಸವ, ಹೂವಿಗೆ ಒಳ್ಳೆಯ ದರ. ನಾನು ಸತ್ಯವೇದ ಕೈಯಲ್ಲಿ ಹಿಡಿದುಕೊಂಡೇ ಹೇಳಿದೆ: "ವಿಗ್ರಹಕ್ಕೆ ಹೋಗುವ ಹೂವು ಕಟ್ಟಿ ದುಡ್ಡು ಮಾಡ್ತೀರಿ. ಭಾನುವಾರ ಅದೇ ಕೈಯಲ್ಲಿ ಕರ್ತನ ಭೋಜನ ತಗೋತೀರಿ. ನಿಮಗೆ ಏನೂ ಅನ್ಸಲ್ವಾ?" ಪಕ್ಕದಲ್ಲಿ ನನ್ನ ಅತ್ತೆ ಇದ್ದರು, ಹೂವು ಒಯ್ಯುವ ಹುಡುಗನೂ ಇದ್ದ. ಅವರ ಎದುರಿಗೇ ಹೇಳಿದೆ. ಎಲ್ಲರೂ ಕೇಳಲಿ, ಅದು ಸಾಕ್ಷಿ ಅಂತ ನನ್ನ ಲೆಕ್ಕ.

ಅಮ್ಮ ತಲೆಯೆತ್ತಲಿಲ್ಲ. "ಹೂವು ಕೊಟ್ಟವನು ದೇವರು. ತಗೊಳ್ಳುವವರು ನಮ್ಮ ಊರಿನವರು. ನಿನ್ನ ಕಾಲೇಜಿನ ಫೀಸು ಹೋದದ್ದೂ ಇದರಿಂದಲೇ" ಅಂದರು. ಅಷ್ಟೇ. ಮತ್ತೆ ಎಣಿಸಲು ಶುರು ಮಾಡಿದರು.

ಇಂಥದ್ದೇ ಜಗಳ ಸುಮಾರು 2000 ವರ್ಷದ ಹಿಂದೆ ಗ್ರೀಸಿನ ಕೊರಿಂಥ ಪಟ್ಟಣದ ಸಭೆಯಲ್ಲಿ ನಡೆದಿತ್ತು. ಅಲ್ಲಿ ಪ್ರಶ್ನೆ ವಿಗ್ರಹಕ್ಕೆ ಅರ್ಪಿಸಿದ ಮಾಂಸದ್ದು. ಅದನ್ನು ತಿನ್ನಬಹುದೋ ಬಾರದೋ? ಅಪೊಸ್ತಲ ಪೌಲ ಆ ಸಭೆಗೆ ಬರೆದ ಮೊದಲ ಪತ್ರ ಸತ್ಯವೇದದಲ್ಲಿದೆ. ಅದರಲ್ಲಿ ಅವನ ಉತ್ತರ ಉದ್ದವಾಗಿದೆ, ಮೂರು ಅಧ್ಯಾಯ ಹಿಡಿಯುತ್ತದೆ. ವಿಗ್ರಹಾರಾಧನೆಯಿಂದ ದೂರ ಓಡಿ ಅಂತ ಸ್ಪಷ್ಟವಾಗಿ ಹೇಳುತ್ತಾನೆ. ಆದರೆ ಪೇಟೆಯಲ್ಲಿ ಮಾರುವುದನ್ನು ಬಗೆದು ಕೇಳದೆ ತಿನ್ನಿ ಅಂತಲೂ ಹೇಳುತ್ತಾನೆ, ಭೂಮಿಯಲ್ಲಿ ಇರುವುದೆಲ್ಲ ಕರ್ತನದೇ ಅಲ್ವಾ ಅನ್ನುತ್ತಾನೆ. ಇದನ್ನೆಲ್ಲ ಹೇಳುವ ಮೊದಲು ಅವನು ಇಟ್ಟ ಮಾತು ಇನ್ನೂ ದೊಡ್ಡದು. ಬರೀ ತಿಳುವಳಿಕೆ ಮನುಷ್ಯನನ್ನು ಉಬ್ಬಿಸುತ್ತದೆ, ಪ್ರೀತಿ ಕಟ್ಟುತ್ತದೆ. ಆ ಅಧ್ಯಾಯ ನನಗೆ ಆಗಲೇ ಬಾಯಿಗೆ ಬರುತ್ತಿತ್ತು. ಅಮ್ಮನ ಮುಂದೆ ನಿಂತಾಗ ನಾನು ಉಬ್ಬಿದ್ದೆ. ಅವರು ಕಟ್ಟುತ್ತಿದ್ದರು.

ಕೊರಿಂಥದವರ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ನನ್ನ ಕಣ್ಣು ತೆರೆಸಿದ್ದು ಅವರೇ. ಅದೇ ಪತ್ರದ ಮೊದಲ ಅಧ್ಯಾಯದಲ್ಲಿ ಪೌಲ ಅವರನ್ನು ಹೊಗಳುತ್ತಾನೆ. ನಿಮಗೆ ಮಾತಿನ ಬಲ ಇದೆ, ತಿಳುವಳಿಕೆ ಇದೆ, ಯಾವ ವರಕ್ಕೂ ಕೊರತೆಯಿಲ್ಲ. ಎರಡು ಅಧ್ಯಾಯ ದಾಟುವಷ್ಟರಲ್ಲಿ ಅದೇ ಜನಕ್ಕೆ, ನೀವು ಇನ್ನೂ ಹಾಲು ಕುಡಿಯುವ ಕೂಸುಗಳು, ಗಟ್ಟಿ ಆಹಾರ ನಿಮಗೆ ಈಗಲೂ ಆಗುವುದಿಲ್ಲ ಅನ್ನುತ್ತಾನೆ. ಯಾಕೆ? ವಚನ ಗೊತ್ತಿಲ್ಲ ಅಂತಲ್ಲ. ಪ್ರಾರ್ಥನೆ ಕಡಿಮೆ ಅಂತಲೂ ಅಲ್ಲ. ನಿಮ್ಮಲ್ಲಿ ಹೊಟ್ಟೆಕಿಚ್ಚು ಇದೆ, ಜಗಳ ಇದೆ, ಒಬ್ಬ ನಾನು ಪೌಲನ ಕಡೆಯವನು ಅಂತಾನೆ, ಇನ್ನೊಬ್ಬ ನಾನು ಇನ್ನೊಬ್ಬ ಬೋಧಕ ಅಪೊಲ್ಲೋಸನ ಕಡೆಯವನು ಅಂತಾನೆ, ಅದಕ್ಕೆ.

ಅಂದರೆ ಒಂದು ಸಭೆ ವರಗಳಿಂದ ತುಂಬಿ ತುಳುಕಬಹುದು, ಹಾಗಿದ್ದೂ ತೊಟ್ಟಿಲಲ್ಲೇ ಇರಬಹುದು. ಇದನ್ನು ನಮ್ಮ ಸಭೆಗಳು ಇನ್ನೂ ಸರಿಯಾಗಿ ಕೇಳಿಸಿಕೊಂಡಿಲ್ಲ. ಚೆನ್ನಾಗಿ ಹಾಡುವವರನ್ನು, ಗಂಟೆಗಟ್ಟಲೆ ಪ್ರಾರ್ಥಿಸುವವರನ್ನು, ಅಧ್ಯಾಯ-ವಚನ ಸಮೇತ ಮಾತಾಡುವವರನ್ನು ನಾವು ಬಲಿತ ವಿಶ್ವಾಸಿಗಳು ಅಂದುಬಿಡುತ್ತೇವೆ. ಅವರ ಮನೆಯವರನ್ನು ಒಂದು ಮಾತು ಕೇಳುವುದಿಲ್ಲ.

ನನ್ನನ್ನೂ ಹಾಗೆಯೇ ಅಂದರು.

1996ರಲ್ಲಿ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದೆ. ಮದುವೆಯಾಯಿತು. ಅಲ್ಲಿ ನನಗೊಬ್ಬ ಗೆಳತಿ ಸಿಕ್ಕಳು. ಅವಳದು ಧಾರವಾಡದ ಕಡೆ. ನಾವಿಬ್ಬರೂ ಸೇರಿ ಹೆಂಗಸರಿಗೆಂದು ಒಂದು ಮನೆಕೂಟ ಶುರು ಮಾಡಿದೆವು. ಶನಿವಾರ ಸಂಜೆ ನಾಲ್ಕಕ್ಕೆ. ಮೊದಲು ಐದು ಜನ, ಆಮೇಲೆ ಇಪ್ಪತ್ತು. ಪಾಠ ನನ್ನದು. ರಾತ್ರಿ ಕೂತು ಓದಿ ಟಿಪ್ಪಣಿ ಮಾಡುತ್ತಿದ್ದೆ. ಗ್ರೀಕ್ ಪದಗಳ ಅರ್ಥ ಹುಡುಕುತ್ತಿದ್ದೆ. ಅವಳು ಬಂದವರಿಗೆ ಟೀ ಮಾಡಿ ಕೊಟ್ಟು, ಅವರ ಪಕ್ಕದಲ್ಲಿ ಕೂರುತ್ತಿದ್ದಳು. ಯಾರ ಗಂಡನಿಗೆ ಕೆಲಸ ಹೋಗಿದೆ, ಯಾರ ಮಗಳಿಗೆ ಜ್ವರ, ಎಲ್ಲ ಅವಳಿಗೆ ಗೊತ್ತಿರುತ್ತಿತ್ತು.

2008ರಲ್ಲಿ ಅವಳು ಒಂದು ಸಂಜೆ ಎಲ್ಲರ ಮುಂದೆ ಕೇಳಿದಳು. ಪಾಠ ಅರ್ಧ ಗಂಟೆ ಕಡಿಮೆ ಮಾಡೋಣ, ಹೆಂಗಸರು ತಮ್ಮ ಕಷ್ಟ ಹೇಳಿಕೊಳ್ಳಲಿ, ಒಬ್ಬರಿಗೊಬ್ಬರು ಪ್ರಾರ್ಥಿಸಲಿ ಅಂತ. ನನಗೆ ಅದು ನನ್ನ ಪಾಠದ ಮೇಲೆ ಬಿದ್ದ ಏಟಿನಂತೆ ಕೇಳಿಸಿತು. "ಇದು ಸತ್ಯವೇದ ಅಧ್ಯಯನ, ಅಳುವ ಕೂಟ ಅಲ್ಲ" ಅಂದೆ. ಅವಳ ಮುಖ ಬಿಳಿಚಿಕೊಂಡಿತು. ಅದಕ್ಕೆ ಮೂರು ವಾರದ ಹಿಂದೆ ಅವಳ ಹೊಟ್ಟೆಯಲ್ಲಿದ್ದ ಮಗು ಹೋಗಿತ್ತು. ನನಗೆ ಅದು ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ಕೂಟ ಎರಡಾಯಿತು. ಅವಳ ಕಡೆಗೆ ಕೆಲವರು, ನನ್ನ ಕಡೆಗೆ ಕೆಲವರು. ಅಪೊಲ್ಲೋಸನವರು, ಪೌಲನವರು. ಎರಡು ವಾರ ಬಿಟ್ಟು ನಾನು ಫೋನ್ ಮಾಡಿದೆ. ನಾನು ಹೇಳಿದ್ದು ಇವತ್ತಿಗೂ ನೆನಪಿದೆ. "ನಿನಗೆ ಬೇಸರ ಆಗಿದ್ರೆ ಕ್ಷಮಿಸು. ಆದರೆ ದೇವರ ವಾಕ್ಯದ ವಿಷಯದಲ್ಲಿ ನಾನು ರಾಜಿ ಮಾಡ್ಕೊಳ್ಳಲ್ಲ." ಅವಳು ಏನೂ ಹೇಳದೆ ಫೋನ್ ಇಟ್ಟಳು. ಆಮೇಲೆ ನಾನು ನಾಲ್ಕಾರು ಜನರ ಹತ್ತಿರ, "ನಾನಂತೂ ಕ್ಷಮೆ ಕೇಳಿದೆ, ಅವಳಿಗೇ ಕ್ಷಮಿಸುವ ಮನಸ್ಸಿಲ್ಲ" ಅಂದೆ.

ಆ ವಾಕ್ಯದ ನಡುವೆ ಇರುವ ‘ಆದರೆ’ಯನ್ನು ನೋಡಿ. ಅದರ ಎಡಕ್ಕೆ ಇರುವುದನ್ನೆಲ್ಲ ಅದು ತಿಂದುಹಾಕುತ್ತದೆ. ‘ಬೇಸರ ಆಗಿದ್ರೆ’ ಅನ್ನುವುದೂ ಅಷ್ಟೇ. ತಪ್ಪು ನನ್ನ ಬಾಯಿಂದ ಹೊರಟು ಅವಳ ಕಿವಿಗೆ ಹೋಗಿ ಕೂತುಬಿಡುತ್ತದೆ. 19ನೇ ವಯಸ್ಸಿನಲ್ಲಿ ಅಮ್ಮನ ಹತ್ತಿರ ನಾನು ಕ್ಷಮೆ ಕೇಳಲೇ ಇಲ್ಲ. 36ನೇ ವಯಸ್ಸಿನಲ್ಲಿ ಕೇಳಿದೆ, ‘ಆದರೆ’ ಸೇರಿಸಿ. ಆ 17 ವರ್ಷದಲ್ಲಿ ನಾನು ಸತ್ಯವೇದವನ್ನು ಆದಿಯಿಂದ ಅಂತ್ಯದವರೆಗೆ ಒಂಬತ್ತು ಸಲ ಓದಿ ಮುಗಿಸಿದ್ದೆ.

2010ರಲ್ಲಿ ಅಪ್ಪ ತೀರಿಕೊಂಡರು. ಅದಾದ ಮೇಲೆ ನನ್ನ ಪ್ರಾರ್ಥನೆ ಒಣಗಿತು. ಇದನ್ನು ಅನುಭವಿಸಿದವರಿಗೆ ಜಾಸ್ತಿ ವಿವರಿಸಬೇಕಿಲ್ಲ. ಮೊಣಕಾಲೂರುತ್ತೇನೆ, ಮಾತು ಬರುವುದಿಲ್ಲ. ಓದುತ್ತೇನೆ, ಅಕ್ಷರ ಅಕ್ಷರವಾಗಿಯೇ ಇರುತ್ತದೆ. ಶಿಬಿರದ ಆ ರಾತ್ರಿಯ ಬಿಸಿ ಎಲ್ಲಿ ಹೋಯಿತು ಅಂತ ಹುಡುಕಿದೆ. ಏನೋ ಪಾಪ ಅಡ್ಡ ಬಂದಿದೆ ಅಂದರು ಒಬ್ಬರು. ಉಪವಾಸ ಮಾಡು ಅಂದರು ಇನ್ನೊಬ್ಬರು. ಮಾಡಿದೆ. ಹಾಗೆಯೇ ಇತ್ತು. ಸುಮಾರು ಮೂರು ವರ್ಷ. ಪಾಠ ಹೇಳುವುದನ್ನು ಬಿಟ್ಟೆ. ಸಭೆಯಲ್ಲಿ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂರುತ್ತಿದ್ದೆ.

ಆಗ ಸತ್ಯವೇದದ ಪ್ರಾರ್ಥನೆಯ ಹಾಡುಗಳಾದ ಕೀರ್ತನೆಗಳು ನನ್ನನ್ನು ಹಿಡಿದುಕೊಂಡವು. 150 ಕೀರ್ತನೆಗಳಲ್ಲಿ ಎಷ್ಟೊಂದು ಅಳುವಿನವು! ನಾನು ಅವನ್ನು ಓದಿ ಮುಂದೆ ಹೋಗಿದ್ದೆ, ಒಳಗೆ ಹೋಗಿರಲಿಲ್ಲ. ಬಹುಪಾಲು ಅಳುವಿನ ಕೀರ್ತನೆಗಳು ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ. 88ನೆಯದು ತಿರುಗುವುದಿಲ್ಲ. ಅದು ಕತ್ತಲೆಯಲ್ಲಿ ಶುರುವಾಗಿ ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ಪವಿತ್ರ ಗ್ರಂಥದಲ್ಲಿ ಇಟ್ಟಿದ್ದಾರೆ. ಅಂದರೆ ದೇವರ ಮನೆಯಲ್ಲಿ ಅಂಥ ಪ್ರಾರ್ಥನೆಗೂ ಒಂದು ಮಣೆ ಇದೆ. ಒಂದು ದಿನ ಇದು ಹೊಳೆದಾಗ ನನಗೆ ಆ ಗೆಳತಿಯ ಮುಖ ಕಣ್ಣಿಗೆ ಕಟ್ಟಿತು. ಅವಳು ಕೇಳಿದ್ದು ಇದನ್ನೇ. ಅಳುವುದಕ್ಕೆ ಅರ್ಧ ಗಂಟೆ.

ಇನ್ನೊಂದು ಕೀರ್ತನೆ 131ನೆಯದು. ಮೂರೇ ವಚನ. ಯೆರೂಸಲೇಮಿಗೆ ಯಾತ್ರೆ ಹೋಗುವವರು ಹಾಡುತ್ತಿದ್ದ ಹಾಡುಗಳಲ್ಲಿ ಒಂದು. ನನ್ನ ಮನಸ್ಸು ಗರ್ವಪಡುವುದಿಲ್ಲ, ನನಗೆ ಮೀರಿದ ದೊಡ್ಡ ಸಂಗತಿಗಳಿಗೆ ನಾನು ಕೈಹಾಕುವುದಿಲ್ಲ ಅಂತ ಶುರುವಾಗುತ್ತದೆ. ಆಮೇಲೆ ಒಂದು ಚಿತ್ರ ಬರುತ್ತದೆ. ಮೊಲೆ ಬಿಡಿಸಿದ ಮಗು ತಾಯಿಯ ಬಳಿ ಇರುವ ಹಾಗೆ ನನ್ನ ಪ್ರಾಣ ಶಾಂತವಾಗಿದೆ ಅಂತ.

ಇಷ್ಟು ವರ್ಷ ಅದನ್ನು ಹಾಲು ಕುಡಿಯುವ ಮಗು ಅಂತಲೇ ಓದಿದ್ದೆ. ಅಲ್ಲ. ಬಿಡಿಸಿದ ಮಗು. ನನ್ನ ಮಗಳಿಗೆ 2004ರಲ್ಲಿ ಹಾಲು ಬಿಡಿಸಿದ್ದು ನೆನಪಾಯಿತು. ಅಮ್ಮ ಹೇಳಿಕೊಟ್ಟ ಹಾಗೆ ಬೇವಿನ ಸೊಪ್ಪು ಅರೆದು ಹಚ್ಚಿಕೊಂಡಿದ್ದೆ. ಮಗಳು ಬಾಯಿಟ್ಟು ಮುಖ ಕಿವುಚಿ ನನ್ನನ್ನೇ ನೋಡಿದಳು. ಅಮ್ಮ ಹೀಗೆ ಮಾಡ್ತಾಳಾ ಅನ್ನುವ ನೋಟ ಅದು. ಮೂರು ರಾತ್ರಿ ಕಿರುಚಿದಳು. ನನ್ನ ಎದೆ ಕಲ್ಲಾಗಿ ನೋಯುತ್ತಿತ್ತು. ಅವಳ ಜೊತೆ ನಾನೂ ಅತ್ತೆ. ಮಗುವಿನ ಮೇಲೆ ಪ್ರೀತಿ ಹೋಯಿತು ಅಂತ ಹಾಗೆ ಮಾಡಿದೆನಾ? ಎಂಟು ಹತ್ತು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳಾಗಿಯೇ ಬಂದು ತೊಡೆಯ ಮೇಲೆ ಮಲಗಿದಳು. ಏನೂ ಕೇಳಲಿಲ್ಲ. ಸೆರಗಿಗೆ ಕೈ ಹಾಕಲಿಲ್ಲ. ನನ್ನ ಬಳೆ ಹಿಡಿದುಕೊಂಡು ಹಾಗೆಯೇ ನಿದ್ದೆ ಹೋದಳು. ಅದುವರೆಗೆ ಅವಳು ಹಾಲಿಗೆ ಬರುತ್ತಿದ್ದಳು. ಅವತ್ತು ನನ್ನ ಹತ್ತಿರ ಬಂದಳು.

ಆ ಮೂರು ವರ್ಷದ ಒಣ ಪ್ರಾರ್ಥನೆಯನ್ನು ನಾನು ಈಗ ಹಾಗೆ ನೋಡುತ್ತೇನೆ. ಪೌಲ ಹಾಲು ಬಿಟ್ಟು ಗಟ್ಟಿ ಆಹಾರಕ್ಕೆ ಬನ್ನಿ ಅನ್ನುತ್ತಾನೆ. ನಡುವಿನ ಬೇವಿನ ಕಹಿಯನ್ನು ಕೀರ್ತನೆ ಬಲ್ಲದು. ಬಿಸಿ ಬರಲಿ ಬಾರದಿರಲಿ, ದಿನಾ ಬೆಳಗ್ಗೆ ಹೋಗಿ ಅವನ ತೊಡೆಯ ಮೇಲೆ ತಲೆಯಿಟ್ಟು ಐದು ನಿಮಿಷ ಕೂರುವುದನ್ನು ಅಲ್ಲಿ ಕಲಿತೆ. ಈಗಲೂ ಹೆಚ್ಚಿನ ದಿನ ಅಷ್ಟೇ.

ಇಷ್ಟೆಲ್ಲ ತಿಳಿದ ಮೇಲೂ ಗೆಳತಿಗೆ ಫೋನ್ ಮಾಡಲಿಲ್ಲ. ತಿಳಿಯುವುದಕ್ಕೂ ಫೋನ್ ಎತ್ತುವುದಕ್ಕೂ ನಡುವೆ ನನಗೆ ಇನ್ನೂ ಹತ್ತು ವರ್ಷಕ್ಕಿಂತ ಜಾಸ್ತಿ ಬೇಕಾಯಿತು.

2019ರಲ್ಲಿ ಅಮ್ಮ ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ನಾನು ಕೆಲಸ ಬಿಟ್ಟು ಊರಿಗೆ ಬಂದೆ. ನಂಬಿಕೆಯ ನಿಜವಾದ ಪರೀಕ್ಷೆ ಆಗ ಶುರುವಾಯಿತು. ಗಂಜಿ ಬಿಸಿಯಾಯಿತು ಅಂತಾರೆ, ಆರಿಸಿ ಕೊಟ್ಟರೆ ತಣ್ಣಗಾಯಿತು ಅಂತಾರೆ. ರಾತ್ರಿ ನಾಲ್ಕು ಸಲ ಕರೆಯುತ್ತಾರೆ. ನಾನು ಕಟ್ಟಿದ ಹೂವನ್ನು ಬಿಚ್ಚಿಸಿ ಮತ್ತೆ ಕಟ್ಟಿಸುತ್ತಾರೆ. ಮೊದಲ ತಿಂಗಳಲ್ಲೇ ನಾನು ಕೂಗಿದೆ, ಬಾಗಿಲು ಬಡಿದೆ.

ಪೌಲ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಆತ್ಮನ ಫಲದ, ಅಂದರೆ ಪವಿತ್ರಾತ್ಮ ನಮ್ಮಲ್ಲಿ ಬೆಳೆಸುವ ಗುಣದ, ಒಂಬತ್ತು ಹೆಸರುಗಳಿವೆ. ನಮ್ಮ ಹಳೆಯ ಸತ್ಯವೇದದಲ್ಲಿ ಅವು ಹೀಗಿವೆ: ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ, ದಯೆ, ಉಪಕಾರ, ನಂಬಿಕೆ, ಸಾಧುತ್ವ, ಶಮೆದಮೆ (ಆತ್ಮಸಂಯಮ). ಗ್ರೀಕಿನಲ್ಲಿ ಫಲ ಅನ್ನುವ ಪದ ಏಕವಚನ. ಒಂಬತ್ತು ಹಣ್ಣಲ್ಲ, ಒಂದೇ ಹಣ್ಣು. ನನಗೆ ಇದು ಹಲಸಿನ ಹಾಗೆ ಕಾಣುತ್ತದೆ. ಹಣ್ಣು ಒಂದು, ತೊಳೆ ಒಂಬತ್ತು. ನನಗೆ ಸಂತೋಷದ ತೊಳೆ ಸಾಕು, ದೀರ್ಘಶಾಂತಿ ನನ್ನ ಸ್ವಭಾವಕ್ಕೆ ಆಗಲ್ಲ ಅನ್ನುವ ಹಾಗಿಲ್ಲ. ಹಣ್ಣಾದರೆ ಇಡೀ ಕಾಯಿಯೇ ಹಣ್ಣಾಗಬೇಕು.

ದೀರ್ಘಶಾಂತಿ ಎಂಥ ಒಳ್ಳೆಯ ಪದ! ಬರೀ ಶಾಂತಿ ಐದು ನಿಮಿಷ ಎಲ್ಲರಿಗೂ ಬರುತ್ತದೆ. ಇದು ಉದ್ದದ ಶಾಂತಿ. ಗ್ರೀಕಿನಲ್ಲಿ ಇದು ಮಕ್ರೊಥುಮಿಯಾ. ಮಕ್ರೊಸ್ ಅಂದರೆ ಉದ್ದ, ಥುಮೊಸ್ ಅಂದರೆ ಕುದಿಯುವ ಕೋಪ. ಕೋಪ ಬರುವುದಕ್ಕೆ ಬಹಳ ದೂರ ನಡೆದು ಬರಬೇಕು ಅಂತ ಅರ್ಥ. ಹಳೆ ಒಡಂಬಡಿಕೆಯ ಹೀಬ್ರೂ ಮಾತು ಇನ್ನೂ ಚೆಂದ. ಸೀನಾಯ್ ಬೆಟ್ಟದ ಮೇಲೆ ದೇವರು ಮೋಶೆಗೆ ತನ್ನ ಗುಣ ಹೇಳುವಾಗ ಬಳಸಿದ ಮಾತಿನ ಪದಶಃ ಅರ್ಥ ‘ಉದ್ದ ಮೂಗಿನವನು’ ಅಂತ. ಹೀಬ್ರೂವಿನಲ್ಲಿ ಮೂಗಿಗೂ ಕೋಪಕ್ಕೂ ಒಂದೇ ಪದ. ನಾವೂ ‘ಮೂಗಿನ ತುದಿಯಲ್ಲೇ ಕೋಪ’ ಅನ್ನುತ್ತೇವೆ ಅಲ್ವಾ? ಮೂಗು ಉದ್ದವಾದಷ್ಟೂ ಕೋಪ ತುದಿಗೆ ಬರಲು ಹೊತ್ತು ಬೇಕು. ದೇವರ ಮೂಗು ಅಷ್ಟು ಉದ್ದ. ಅದಕ್ಕೇ ನಾನು ಇನ್ನೂ ಉಳಿದಿದ್ದೇನೆ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನಮ್ಮ ಸಭೆಗಳಲ್ಲಿ ದೀರ್ಘಶಾಂತಿಯನ್ನು ಹೆಂಗಸರ ತಲೆಗೆ ಕಟ್ಟುತ್ತಾರೆ. ಗಂಡ ಹೊಡೆದರೂ ತಾಳಿಕೋ, ಪ್ರಾರ್ಥಿಸು, ನೀನು ಬಲಿತ ವಿಶ್ವಾಸಿ ಅಲ್ವಾ ಅನ್ನುತ್ತಾರೆ. ಇದು ಸುಳ್ಳು ಬೋಧನೆ. ಇಬ್ರಿಯರಿಗೆ ಬರೆದ ಪತ್ರದಲ್ಲಿ ಗಟ್ಟಿ ಆಹಾರ ತಿನ್ನುವವರು ಯಾರು ಅಂತ ಸ್ಪಷ್ಟವಾಗಿ ಬರೆದಿದೆ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಅಂತ ಅಭ್ಯಾಸದಿಂದ ಗುರುತಿಸಲು ಕಲಿತವರು. ಕೆಟ್ಟದ್ದನ್ನು ಕೆಟ್ಟದ್ದು ಅನ್ನದವರು ಬಲಿತವರಲ್ಲ. ಅಂತಿಯೋಕ್ಯ ಪಟ್ಟಣದಲ್ಲಿ ಯೇಸುವಿನ ಶಿಷ್ಯ ಪೇತ್ರ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಊಟಕ್ಕೆ ಕೂರುತ್ತಿದ್ದ. ಯೆರೂಸಲೇಮಿನಿಂದ ಕೆಲವರು ಬಂದ ಮೇಲೆ ಹೆದರಿ ಪಂಕ್ತಿ ಬಿಟ್ಟು ಎದ್ದ. ಪೌಲ ಎಲ್ಲರ ಮುಂದೆ, ಮುಖಕ್ಕೇ ಹೇಳಿದ. ಪೇತ್ರನ ಮಾನ ಉಳಿಸಲು ಸುಮ್ಮನಿರಲಿಲ್ಲ. ಯಾಕಂದರೆ ಪಂಕ್ತಿಯಿಂದ ಹೊರಗುಳಿದವರ ಮಾನದ ಪ್ರಶ್ನೆ ಅದು. ಒಂದೇ ಪಾತ್ರೆಯಿಂದ ಕರ್ತನ ಭೋಜನ ತೆಗೆದುಕೊಂಡು, ಮಕ್ಕಳ ಮದುವೆಗೆ ಮಾತ್ರ ಮೂಲ ಜಾತಿ ವಿಚಾರಿಸುವ ನಾವು ಈ ಕಥೆಯನ್ನು ತಿಂಗಳಿಗೊಮ್ಮೆ ಓದಬೇಕು.

ನಾನು ಅಮ್ಮನ ಮುಂದೆ ಹೇಳಿದ್ದೂ ಎಲ್ಲರ ಎದುರಿಗೇ, ಮುಖಕ್ಕೇ. ಹಾಗಾದರೆ ವ್ಯತ್ಯಾಸ ಏನು? ಪೌಲ ಹೊರಗುಳಿದವರ ಪರ ನಿಂತ. ನಾನು ನನ್ನ ಪರ ನಿಂತೆ.

ಅಮ್ಮ ಹಾಸಿಗೆ ಹಿಡಿದ ಎರಡನೇ ವರ್ಷ, ಒಂದು ಬೆಳಗ್ಗೆ ನಾನು ಅವರ ಮಂಚದ ಪಕ್ಕ ಕೂತು ಹೂ ಕಟ್ಟುತ್ತಿದ್ದೆ. ಅವರು ಎಣಿಸುತ್ತಿದ್ದರು. ಏನು ಹೊಳೆಯಿತೋ, ಕೈ ನಿಲ್ಲಿಸಿ ಹೇಳಿದೆ: "ಅಮ್ಮ, 1991ರಲ್ಲಿ ಜಗಲಿಯಲ್ಲಿ ಹೂವಿನ ಬಗ್ಗೆ ನಿಮಗೆ ಅಂದೆನಲ್ಲ. ಎಲ್ಲರ ಮುಂದೆ ನಿಮಗೆ ಅವಮಾನ ಮಾಡಿದೆ. ತಪ್ಪಾಯಿತು." ‘ಆದರೆ’ ನಾಲಗೆಯ ತುದಿಯವರೆಗೆ ಬಂದಿತ್ತು. ಆಗ ನನಗೆ ಬುದ್ಧಿ ಇರಲಿಲ್ಲ, ಆದರೆ ಮನಸ್ಸು ಒಳ್ಳೆಯದಿತ್ತು ಅಂತ ಸೇರಿಸಬಹುದಿತ್ತು. ನುಂಗಿಕೊಂಡೆ.

ಅದೆಲ್ಲ ಯಾವಾಗಲೋ ಮರೆತೆ ಅಂತಾರೆ ಅಂದುಕೊಂಡಿದ್ದೆ. ಅವರು ಹಾಗೆ ಅನ್ನಲಿಲ್ಲ.

"ಎರಡು ವರ್ಷ ನಿನ್ನ ಮೇಲೆ ಕೋಪ ಇಟ್ಟುಕೊಂಡಿದ್ದೆ" ಅಂದರು. "ರಾತ್ರಿ ಪ್ರಾರ್ಥನೆಯಲ್ಲಿ ಎಲ್ಲರ ಹೆಸರು ಹೇಳುತ್ತಿದ್ದೆ, ನಿನ್ನ ಹೆಸರು ಬಿಡುತ್ತಿದ್ದೆ. ಕರ್ತನ ಪ್ರಾರ್ಥನೆಯಲ್ಲಿ ಕ್ಷಮಿಸುವ ಮಾತು ಬಂದಾಗ ಬಾಯಿ ಮುಚ್ಚುತ್ತಿದ್ದೆ. ನೀನು ರಜೆಗೆ ಬಂದಾಗ ಚರ್ಚಿನಲ್ಲಿ ಸಮಾಧಾನ ಕೊಡುತ್ತಿದ್ದೆಯಲ್ಲ, ಅದು ನನಗೆ ಕೆಂಡ ಹಿಡಿದ ಹಾಗೆ ಆಗುತ್ತಿತ್ತು."

ದಕ್ಷಿಣ ಭಾರತದ ಹಲವು ಸಭೆಗಳು 1947ರಲ್ಲಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆಗಿ ಒಂದಾದ ಮೇಲೆ, 1950ರಲ್ಲಿ ಹೊಸ ಆರಾಧನಾ ಕ್ರಮ ಬಂತು. ಕರ್ತನ ಭೋಜನದ ಮೊದಲು ಸಮಾಧಾನ ಹಂಚಿಕೊಳ್ಳುವ ಆದಿ ಸಭೆಯ ಪದ್ಧತಿಯನ್ನು ಅದರಲ್ಲಿ ಮತ್ತೆ ತಂದರು. ಒಬ್ಬರ ಜೋಡಿಸಿದ ಕೈಗಳನ್ನು ಇನ್ನೊಬ್ಬರು ತಮ್ಮ ಎರಡೂ ಕೈಗಳಲ್ಲಿ ಹಿಡಿಯುತ್ತಾರೆ, ಹಾಗೆಯೇ ಸಾಲಿನಿಂದ ಸಾಲಿಗೆ ಅದು ಸಾಗುತ್ತದೆ. ಪಕ್ಕದಲ್ಲಿ ಯಾರು ನಿಂತಿದ್ದಾರೋ ಅವರಿಂದಲೇ ತೆಗೆದುಕೊಳ್ಳಬೇಕು, ಅವರಿಗೇ ಕೊಡಬೇಕು. ಆರಿಸುವ ಹಾಗಿಲ್ಲ. ನನ್ನ ಬಿಸಿ ಕೈಗಳನ್ನು ಅಮ್ಮ ಎರಡು ವರ್ಷ ಹಾಗೆ ಹಿಡಿದರು. ನನಗೆ ಒಂದಿಷ್ಟೂ ತಿಳಿಯಲಿಲ್ಲ.

"ಆಮೇಲೆ ಹೇಗೆ ಹೋಯಿತು?" ಅಂತ ಕೇಳಿದೆ.

"ಗೊತ್ತಿಲ್ಲ ಮಗ. ಪ್ರತಿ ಸಲ ಕೈ ಕೊಡಲೇಬೇಕಿತ್ತಲ್ಲ, ಕೊಟ್ಟೂ ಕೊಟ್ಟೂ ಯಾವಾಗಲೋ ಹೋಯಿತು."

ಮಾರ್ಕನ ಸುವಾರ್ತೆಯಲ್ಲಿ ಯೇಸು ಹೇಳಿದ ಒಂದು ಸಣ್ಣ ಸಾಮ್ಯಕಥೆಯಿದೆ. ಬೇರೆ ಮೂರು ಸುವಾರ್ತೆಗಳಲ್ಲಿ ಅದು ಸಿಗುವುದಿಲ್ಲ. ಒಬ್ಬ ಬೀಜ ಬಿತ್ತುತ್ತಾನೆ. ರಾತ್ರಿ ಮಲಗುತ್ತಾನೆ, ಬೆಳಗ್ಗೆ ಏಳುತ್ತಾನೆ. ಬೀಜ ಮೊಳೆತು ಬೆಳೆಯುತ್ತದೆ. ಹೇಗೆ ಅಂತ ಅವನಿಗೇ ಗೊತ್ತಿಲ್ಲ. ಮೊದಲು ಎಲೆ, ಆಮೇಲೆ ತೆನೆ, ಆಮೇಲೆ ತೆನೆಯಲ್ಲಿ ತುಂಬಿದ ಕಾಳು. ಅಮ್ಮನ ‘ಗೊತ್ತಿಲ್ಲ’ ಕೇಳಿದಾಗ ಅದೇ ನೆನಪಾಯಿತು. ಅಮ್ಮನೂ ಬೆಳೆದವರು. ಹುಟ್ಟಿನಿಂದಲೇ ತಾಳ್ಮೆಯವರು ಅಂತ ನಾನು ಆಮೇಲಿನ ವರ್ಷಗಳಲ್ಲಿ ಅವರನ್ನು ಎತ್ತರದಲ್ಲಿ ಕೂರಿಸಿಬಿಟ್ಟಿದ್ದೆ. ಅವರಿಗೂ ಕೋಪ ಬಂದಿತ್ತು. ಅವರೂ ಬಾಯಿ ಮುಚ್ಚಿದ್ದರು. ಕೈ ಮಾತ್ರ ಹಿಂದಕ್ಕೆ ತೆಗೆಯಲಿಲ್ಲ.

ಈ ವರ್ಷದ ಲೆಂಟ್‌ನಲ್ಲಿ, ಈಸ್ಟರಿಗೆ ಮೊದಲಿನ ಉಪವಾಸದ ದಿನಗಳಲ್ಲಿ, ಗೆಳತಿಗೆ ಫೋನ್ ಮಾಡಿದೆ. 17 ವರ್ಷ ಆಗಿತ್ತು. ಧೈರ್ಯ ಕೊಟ್ಟದ್ದು ಪೌಲನದೇ ಒಂದು ಹಳೆಯ ಜಗಳ. ಸುವಾರ್ತೆ ಸಾರುವ ಪ್ರವಾಸದ ನಡುವೆ ಬಿಟ್ಟುಹೋದ ಯುವಕ ಮಾರ್ಕನನ್ನು ಮತ್ತೆ ಕರೆದುಕೊಂಡು ಹೋಗೋಣ ಅಂತ ಪೌಲನ ಜೊತೆಗಾರ ಬಾರ್ನಬ ಅಂದ. ಪೌಲ ಬೇಡವೇ ಬೇಡ ಅಂದ. ಮಾತಿಗೆ ಮಾತು ಬೆಳೆದು ಇಬ್ಬರೂ ಬೇರೆಯಾದರು. ಬಾರ್ನಬ ಮಾರ್ಕನನ್ನು ಕರೆದುಕೊಂಡು ಸೈಪ್ರಸ್‌ಗೆ ಹಡಗು ಹತ್ತಿದ. ಎಷ್ಟೋ ವರ್ಷ ಕಳೆದ ಮೇಲೆ ಶಿಷ್ಯ ತಿಮೊಥೆಯನಿಗೆ ಬರೆದ ಎರಡನೇ ಪತ್ರದಲ್ಲಿ, ಸೆರೆಯಲ್ಲಿ ಕೂತು ಸಾವನ್ನು ಎದುರು ನೋಡುತ್ತಿದ್ದ ಪೌಲ ಬರೆಯುತ್ತಾನೆ: ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತ. ಅದೇ ಭಾಗದಲ್ಲಿ ಚಳಿಗೆ ಮೇಲಂಗಿ ತರಲೂ ಹೇಳುತ್ತಾನೆ. ನಾನು ಅಂದು ಸರಿ ಇದ್ದೆ ಅನ್ನುವ ವಿವರಣೆ ಅಲ್ಲಿ ಒಂದು ಸಾಲೂ ಇಲ್ಲ. ಮೇಲಂಗಿ ಬೇಕು, ಮಾರ್ಕ ಬೇಕು.

ಅವಳು ಫೋನ್ ಎತ್ತಿದಳು. ಹೆಸರು ಹೇಳಿದೆ. ಆ ಕಡೆ ಮಾತಿಲ್ಲ. "2008ರಲ್ಲಿ ನಿನ್ನ ಮಗು ಹೋದ ಮೂರು ವಾರಕ್ಕೆ, ಗೊತ್ತಿದ್ದೂ, ಎಲ್ಲರ ಮುಂದೆ ಇದು ಅಳುವ ಕೂಟ ಅಲ್ಲ ಅಂದೆ. ಕ್ರೂರವಾಗಿ ನಡೆದುಕೊಂಡೆ. ಆಮೇಲೆ ಕ್ಷಮಿಸದವಳು ನೀನೇ ಅಂತ ಜನರ ಹತ್ತಿರ ಹೇಳಿದೆ. ಎರಡೂ ನನ್ನ ತಪ್ಪು" ಅಂದೆ. ನಿಲ್ಲಿಸಿದೆ. ಅಷ್ಟು ಹೊತ್ತು ಮಾತಿಲ್ಲದೆ ಫೋನ್ ಹಿಡಿದುಕೊಂಡು ನಾನು ಎಂದೂ ಕೂತಿರಲಿಲ್ಲ.

"ಹ್ಞೂಂ. ಗೊತ್ತಾಯ್ತು" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಅದು ಹೆಣ್ಣು ಮಗು" ಅಂದಳು. ಫೋನ್ ಇಟ್ಟಳು.

ಆಮೇಲೆ ಅವಳು ಫೋನ್ ಮಾಡಿಲ್ಲ. ನಾನೂ ಮಾಡಿಲ್ಲ. ಕ್ಷಮಿಸುವುದೋ ಬಿಡುವುದೋ ಅವಳಿಗೂ ದೇವರಿಗೂ ಬಿಟ್ಟದ್ದು. ಅವಳ ಉತ್ತರಕ್ಕಾಗಿ ಮತ್ತೆ ಮತ್ತೆ ಫೋನ್ ಮಾಡಿದರೆ ಅದೂ ಇನ್ನೊಂದು ರೀತಿಯ ‘ಆದರೆ’ ಆಗುತ್ತದೆ. ಹಾಗಂತ ನಾನು ಬದಲಾಗಿ ಮುಗಿಯಿತು ಅಂತಲೂ ಅಲ್ಲ. ಮೊನ್ನೆ ಶುಕ್ರವಾರ ಹೂವು ಒಯ್ಯಲು ಬಂದ ಹುಡುಗನಿಗೆ ತಡವಾಗಿ ಬಂದ ಅಂತ ರೇಗಿದೆ. ಅವನು ಗೇಟು ದಾಟುವ ಮೊದಲೇ ಓಡಿ ಹೋಗಿ ತಪ್ಪಾಯಿತು ಅಂದೆ. ಒಂದು ಕಾಲದಲ್ಲಿ ಅಲ್ಲಿಗೆ ಮುಟ್ಟಲು ನನಗೆ ವರ್ಷಗಳು ಬೇಕಾಗುತ್ತಿದ್ದವು.

ಅಮ್ಮನಿಗೆ ಈಗ 81. ಬೆರಳು ಮಡಚಲಾಗುವುದಿಲ್ಲ, ಹೂ ಕಟ್ಟುವುದು ನಾನೇ. ಎಣಿಸುವುದನ್ನು ಮಾತ್ರ ಬಿಟ್ಟುಕೊಟ್ಟಿಲ್ಲ. ರಾತ್ರಿ ಪ್ರಾರ್ಥನೆಯನ್ನೂ ಬಿಟ್ಟುಕೊಟ್ಟಿಲ್ಲ. ಒಬ್ಬೊಬ್ಬರ ಹೆಸರು ಹಿಡಿದು, ನಿಧಾನಕ್ಕೆ, ಯಾರನ್ನೂ ಬಿಡದೆ ಹೇಳುತ್ತಾರೆ. ನನ್ನ ಹೆಸರು ಬಂದಾಗ ಈಗ ನಾನು ಕಿವಿಗೊಟ್ಟು ಕೇಳುತ್ತೇನೆ. ನಿನ್ನೆ ಅವರು ಆಮೆನ್ ಅನ್ನುವ ಮೊದಲು ನಾನು ಗೆಳತಿಯ ಹೆಸರು ಸೇರಿಸಿದೆ. ಮತ್ತೆ, ಹೆಸರಿಡದೆ ಹೋದ ಅವಳ ಮಗಳನ್ನೂ.

ಅಮ್ಮ ಕಣ್ಣು ತೆರೆದು, "ಅದು ಯಾರು?" ಅಂದರು.

ಮಂಚದ ಅಂಚಿಗೆ ಸರಿದು ಕೂತು, ಮೊದಲಿನಿಂದ ಹೇಳಲು ಶುರು ಮಾಡಿದೆ.